ಒಬ್ಬನ ಅರೆಬರೆ ಕೆಲಸ, ಹತ್ತಾರು ಕೈಗಳ ಸಂಗೀತ

1987ರಲ್ಲಿ ಜರ್ಮನಿಯಲ್ಲಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ಪ್ರೋಗ್ರಾಮ್ ಮಾರಾಟಕ್ಕೆ ಬಂತು. ಬರೆದವರು ಕಾರ್ಸ್ಟನ್ ಒಬಾರ್ಸ್ಕಿ. ಕಮೊಡೋರ್ ಕಂಪನಿಯ ‘ಅಮಿಗಾ’ ಎಂಬ ಮನೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದು ಅದರ ಉದ್ದೇಶ. ಅಂಗಡಿಯಲ್ಲಿ ಅದು ಗೆಲ್ಲಲಿಲ್ಲ. ತಲೆಬುಡ ತಿಳಿಯದು, ಬಳಸುವುದು ಕಷ್ಟ, ಯಾವಾಗ ಕೈಕೊಡುವುದೋ ಹೇಳಲಾಗದು ಎಂದು ವಿಮರ್ಶಕರು ದೂರಿದರು. ಪೂರ್ತಿ ಪಳಗುವ ಮೊದಲೇ ಮನೆಬಿಟ್ಟ ಪ್ರೋಗ್ರಾಮ್ ಅದು ಎನ್ನಬಹುದು. ಆದರೆ ಅದರ ಬದುಕು ಶುರುವಾದದ್ದೇ ಸೋತ ಮೇಲೆ.

ಅದಕ್ಕೂ ಮೊದಲು ಮನೆ ಕಂಪ್ಯೂಟರಿನ ಸಂಗೀತವೆಂದರೆ ಬಹುಮಟ್ಟಿಗೆ ಪ್ರೋಗ್ರಾಮ್ ಬರೆಯಬಲ್ಲವರ ಸ್ವತ್ತು. 1982ರ ಕಮೊಡೋರ್ 64 ಯಂತ್ರ ಒಮ್ಮೆಗೆ ಮೂರು ದನಿ ಹೊರಡಿಸುತ್ತಿತ್ತು. ಆ ದನಿಗಳನ್ನು ಹಾಡಿಸಲು ಅಂಕಿಗಳ ಸಾಲು ಸಾಲನ್ನೇ ಬರೆಯಬೇಕಿತ್ತು. 1986ರಲ್ಲಿ ಕ್ರಿಸ್ ಹ್ಯೂಲ್ಸ್‌ಬೆಕ್ ಆ ಯಂತ್ರಕ್ಕಾಗಿ ಮಾಡಿದ ‘ಸೌಂಡ್‌ಮಾನಿಟರ್’ ಒಂದು ಜರ್ಮನ್ ಪತ್ರಿಕೆಯ ಪುಟಗಳಲ್ಲೇ ಅಚ್ಚಾಯಿತು. ಬೇಕಾದವರು ಕೂತು ಟೈಪ್ ಮಾಡಿಕೊಳ್ಳಬೇಕಿತ್ತು. ಒಂದು ಅಂಕಿ ತಪ್ಪಿದರೆ ಇಡೀ ಕೆಲಸ ಕೆಟ್ಟಂತೆ.

1985ರಲ್ಲಿ ಬಂದ ಅಮಿಗಾದ ‘ಪೌಲಾ’ ಚಿಪ್ಪಿಗೆ ನಾಲ್ಕು ದನಿ. ಅವು ಯಂತ್ರವೇ ಹುಟ್ಟಿಸುವ ಪೀಪಿ ಶಬ್ದಗಳಲ್ಲ. ಡ್ರಮ್ಮಿನ ಪೆಟ್ಟನ್ನೋ ಪಿಯಾನೋದ ಒಂದು ಸ್ವರವನ್ನೋ ಧ್ವನಿಮುದ್ರಿಸಿ ಕೊಟ್ಟರೆ ಅದನ್ನೇ ನುಡಿಸುತ್ತಿತ್ತು. ಬೇಗ ಓಡಿಸಿದರೆ ಸ್ವರ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಒಬಾರ್ಸ್ಕಿ ಪರದೆಯ ಮೇಲೆ ನಾಲ್ಕು ಕಂಬಸಾಲು ಹಾಕಿದರು, ದನಿಗೊಂದು. ನಮ್ಮ ಸಂಗೀತ ಪಾಠದ ಪುಸ್ತಕದಲ್ಲಿ ಸ್ವರಗಳನ್ನು ಬರೆದಂತೆಯೇ, ಆದರೆ ಎಡದಿಂದ ಬಲಕ್ಕಲ್ಲ, ಮೇಲಿನಿಂದ ಕೆಳಕ್ಕೆ. ಪ್ರತಿ ಗೆರೆಯಲ್ಲಿ ಸ್ವರ, ವಾದ್ಯದ ಸಂಖ್ಯೆ, ಸ್ವರವನ್ನು ಜಾರಿಸುವಂಥ ಒಂದು ಸಣ್ಣ ಆಜ್ಞೆ. 64 ಗೆರೆಗಳಿಗೆ ಒಂದು ಖಂಡ. ಖಂಡಗಳನ್ನು ಪೋಣಿಸಿದರೆ ಹಾಡು. ಸ್ಟಾಫ್ ನೊಟೇಷನ್ ಓದಲು ಬಾರದ ಶಾಲಾ ಹುಡುಗನಿಗೂ ಇದು ಒಂದು ಸಂಜೆಯಲ್ಲಿ ದಕ್ಕುವಂಥದು.

ದಕ್ಕಿತು. ಆದರೆ ದೋಷಗಳು ಕಾಡಿದವು. ಆಗ ಹುಡುಗರು ಮಾಡಿದ್ದೇನು? ಪ್ರೋಗ್ರಾಮಿನ ಯಂತ್ರಭಾಷೆಯನ್ನೇ ಬಿಚ್ಚಿ, ಓದಿ, ತಿದ್ದಿ, ಫ್ಲಾಪಿಯಲ್ಲಿ ಹಂಚಿದರು. 1988ರಲ್ಲಿ ನೆದರ್ಲೆಂಡ್ಸಿನ ಒಬ್ಬ ಇದನ್ನು ಶುರುಮಾಡಿದ. 1989ರಲ್ಲಿ ಸ್ವೀಡನ್ನಿನಿಂದ ‘ನಾಯ್ಸ್‌ಟ್ರ್ಯಾಕರ್’ ಬಂತು, 1990ರಲ್ಲಿ ನಾರ್ವೆಯಿಂದ ‘ಪ್ರೋಟ್ರ್ಯಾಕರ್’. ಮೂಲದಲ್ಲಿ 15 ಇದ್ದ ವಾದ್ಯಗಳು 31 ಆದವು. ಮಾರಾಟದ ಸರಕನ್ನು ಬಿಚ್ಚಿ ಪುಕ್ಕಟೆ ಹಂಚುವುದು ಕಾನೂನಿನ ಕಣ್ಣಿಗೆ ಕಳವೇ. ಒಬಾರ್ಸ್ಕಿಗೆ ಅದರಿಂದ ನ್ಯಾಯವಾಯಿತೆಂದು ಯಾರೂ ಹೇಳಲಾರರು. ಆದರೆ ಆ ಕಳವು ನಡೆಯದಿದ್ದರೆ ಅವರ ಪ್ರೋಗ್ರಾಮ್ ಅದೇ ವರ್ಷ ಮೂಲೆ ಸೇರುತ್ತಿತ್ತು ಎಂಬುದೂ ಅಷ್ಟೇ ದಿಟ.

ಈ ಹಾಡುಗಳ ಫೈಲಿಗೆ ‘ಮಾಡ್’ ಎಂದು ಹೆಸರು ಬಿತ್ತು. ಸ್ವರಗಳೂ ವಾದ್ಯಗಳ ಧ್ವನಿಯೂ ಒಂದೇ ಗಂಟಿನಲ್ಲಿ. ಫೈಲನ್ನು ತೆರೆದವನಿಗೆ ಹಾಡಿನ ಒಳಗೆಲ್ಲ ಕಾಣುತ್ತಿತ್ತು: ಎಲ್ಲಿ ಯಾವ ಸ್ವರ, ಯಾವ ಯುಕ್ತಿ. ಕ್ಯಾಸೆಟ್ ಕೇಳಿ ಇದನ್ನು ಕಲಿಯಲಾಗದು. ಎಷ್ಟೋ ಜನರಿಗೆ ಅದೇ ಗುರು.

ಕಮೊಡೋರ್ 1994ರಲ್ಲಿ ದಿವಾಳಿಯಾಯಿತು. ಅಷ್ಟರಲ್ಲಿ ಈ ವಿಧಾನ ಪಿ.ಸಿ.ಗೆ ದಾಟಿತ್ತು: ಅದೇ ವರ್ಷ ‘ಫಾಸ್ಟ್‌ಟ್ರ್ಯಾಕರ್ 2’, 1995ರಲ್ಲಿ ‘ಇಂಪಲ್ಸ್ ಟ್ರ್ಯಾಕರ್’. 1998ರ ‘ಅನ್‌ರಿಯಲ್’ ಎಂಬ ಹೆಸರಾಂತ ಆಟದ ಸಂಗೀತವೂ ಇದೇ ಬಗೆಯದು. ಈಗಿನ ‘ಓಪನ್‌ಎಂಪಿಟಿ’ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಆ ಹಳೆಯ ಫೈಲುಗಳು ಇಂದಿಗೂ ನುಡಿಯುತ್ತವೆ. ಅಲ್ಲೂ ಸ್ವರಗಳ ಓಟ ಮೇಲಿನಿಂದ ಕೆಳಕ್ಕೇ.