ಮಂಚದ ಪಕ್ಕದವರಿಗೆ ಒಂದು ಪಾಠ

ಸಂತೇಬೆನ್ನೂರಿನಿಂದ ಹೆರಿಗೆಗೋ ಆಪರೇಷನ್ನಿಗೋ ದಾವಣಗೆರೆಯ ಸಿ.ಜಿ. ಆಸ್ಪತ್ರೆಗೆ ಒಬ್ಬರೇ ಹೋಗುವ ಮಾತೇ ಇಲ್ಲ. ಅತ್ತೆಯೋ ಅಕ್ಕನೋ ರೊಟ್ಟಿ ಬುತ್ತಿ, ಚಾಪೆ, ಫ್ಲಾಸ್ಕು ಹಿಡಿದು ಜೊತೆಗೆ ಬಂದೇ ಬರುತ್ತಾಳೆ. ಗ್ಲೂಕೋಸ್ ಬಾಟಲಿ ಮುಗಿಯುತ್ತಿದ್ದಂತೆ ಸಿಸ್ಟರನ್ನು ಕೂಗುವವಳು, ರಾತ್ರಿ ತೋಳು ಹಿಡಿದು ಬಚ್ಚಲಿಗೆ ನಡೆಸುವವಳು, ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವವಳು, ಎಲ್ಲ ಅವಳೇ. ಯಾವ ಹಾಜರಿ ಪುಸ್ತಕದಲ್ಲೂ ಅವಳಿಲ್ಲ.

ಜಪಾನಿನ ವಾರ್ಡುಗಳಲ್ಲೂ ಹೀಗೆ ಜೊತೆಗಿದ್ದು ನೋಡಿಕೊಳ್ಳುವವರಿದ್ದರು. 1994ರಲ್ಲಿ ವಿಮಾ ಕಾನೂನು ತಿದ್ದಿ, ಆರೈಕೆ ಪೂರಾ ಆಸ್ಪತ್ರೆಯ ಹೊಣೆ ಎಂದರು. ದಕ್ಷಿಣ ಕೊರಿಯಾದಲ್ಲಿ 2015ರ ಮರ್ಸ್ ಸೋಂಕು ಆಸ್ಪತ್ರೆಗಳಲ್ಲಿದ್ದ ಮನೆಯವರಿಗೂ ಹಬ್ಬಿತು. ಆಮೇಲೆ ನರ್ಸುಗಳೇ ಪೂರ್ತಿ ನೋಡಿಕೊಳ್ಳುವ ವಾರ್ಡುಗಳು ಹೆಚ್ಚಿದವು. ಕ್ಯಾಲಿಫೋರ್ನಿಯಾದ ಸಾಮಾನ್ಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ನರ್ಸ್ ಇರಲೇಬೇಕೆಂಬುದು ಕಾನೂನು. ನಮ್ಮ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವುದೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದು ಶಿಫಾರಸು.

ಇಲ್ಲಿ ಆ ಅತ್ತೆಯನ್ನು ಹೊರಗೆ ಕಳಿಸದೆ, ಕೂರಿಸಿ ಪಾಠ ಹೇಳುವ ದಾರಿ ಹುಟ್ಟಿದ್ದು ಬೆಂಗಳೂರಿನಲ್ಲಿ. ನಾರಾಯಣ ಹೃದಯಾಲಯಕ್ಕೆ ಬಂದಿದ್ದ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳು ವರಾಂಡದಲ್ಲಿ ದಿಕ್ಕುತೋಚದೆ ಕುಳಿತ ಮನೆಯವರನ್ನು ಕಂಡರು. ಅವರಲ್ಲಿ ಎಡಿತ್ ಎಲಿಯಟ್, ಶಾಹೆದ್ ಆಲಂ ಮುಂತಾದವರು ಕಟ್ಟಿದ ಸಂಸ್ಥೆ ನೂರಾ ಹೆಲ್ತ್. ಯೋಜನೆಯ ಹೆಸರು ಕೇರ್ ಕಂಪ್ಯಾನಿಯನ್. ಮುಂದೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಅದು ಬಂತು.

ಪಾಠ ಹೇಳುವವರು ವಾರ್ಡಿನ ನರ್ಸುಗಳೇ. ಚಿತ್ರಪಟ ತಿರುವುತ್ತಾ, ಬಾಣಂತಿಯ ಜೊತೆಗೆ ಬಂದವರಿಗೆ ಬೆರಳ ಸಂದುಗಳಿಗೆಲ್ಲ ಸೋಪು ಹಾಕಿ ಕೈ ತೊಳೆಯುವುದನ್ನು ಮಾಡಿಸುತ್ತಾರೆ. ಕಡಿಮೆ ತೂಕದ ಕೂಸನ್ನು ಎದೆಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡದಿರುವುದು, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ತಡಮಾಡದೆ ಓಡಿ ಬರುವುದು. ಜೇನು ನೆಕ್ಕಿಸಿ, ಹೊಕ್ಕುಳಿಗೆ ಎಣ್ಣೆ ಬಿಟ್ಟು ಬೆಳೆಸಿದ ಅಜ್ಜಿಗೆ ಇದನ್ನು ಒಪ್ಪಿಸುವುದಕ್ಕೆ ತಾಳ್ಮೆ ಬೇಕು. ಡಾಕ್ಟರ ಗಡಿಬಿಡಿಯ ಮಾತಿಗಿಂತ ನಮ್ಮ ಮಾತಿನಲ್ಲೇ ಹೇಳುವ ಸಿಸ್ಟರಿಗೆ ಅದು ಹೆಚ್ಚು ಸಾಧ್ಯ ಎಂದು ನನ್ನ ನಂಬಿಕೆ. ಮನೆಗೆ ಹೋದ ಮೇಲೂ ವಾಟ್ಸಾಪಿನಲ್ಲಿ ಸಲಹೆ ಬರುತ್ತದೆ.

ಪಾಠ ಕಲಿತ ಅತ್ತೆ ನರ್ಸಿನ ಬದಲಿ ಅಲ್ಲ. ಖಾಲಿ ಹುದ್ದೆ ತುಂಬದೆ ಅವಳ ಮೇಲೇ ಭಾರ ಹಾಕಿದರೆ ಅದು ಅನ್ಯಾಯ. ಜಪಾನಿನ ವಾರ್ಡು ನಮ್ಮಲ್ಲಿ ಸದ್ಯಕ್ಕೆ ಬರಲಾರದು; ಬಂದರೂ ನಮ್ಮ ಕಡೆಯ ಬಾಣಂತಿ ಅಮ್ಮನಿಲ್ಲದ ರಾತ್ರಿಯನ್ನು ಒಪ್ಪುತ್ತಾಳೆಂದು ನನಗೆ ಅನಿಸುವುದಿಲ್ಲ. ಅಲ್ಲಿಯತನಕ ಸಿಸ್ಟರುಗಳ ಸಂಖ್ಯೆ ಹೆಚ್ಚಲಿ, ಜೊತೆಗೆ ಬಂದವಳಿಗೂ ಮಲಗಲು ಒಂದು ಬೆಂಚು ಸಿಗಲಿ.