ಅರ್ಧಕ್ಕೆ ನಿಂತ ಅಪ್‌ಡೇಟ್: ಕಂಪ್ಯೂಟರ್ ಅಳಿಸುವ ಮುನ್ನ

ತೋಟದ ಲೆಕ್ಕ, ಪಹಣಿ, ಬೆಳೆವಿಮೆಯ ಕಾಗದಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಬೆಳೆಗಾರರು ಇಂದು ಕಲ್ಲಡ್ಕದ ಆಸುಪಾಸಿನಲ್ಲೂ ಇದ್ದಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೆಯ ಯಂತ್ರಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಒಳ್ಳೆಯ ದಾರಿ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಲಿಯುವುದೂ ಕೇರಳ ಸರಕಾರದ ‘ಕೈಟ್’ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ಲಿನಕ್ಸಿನಲ್ಲಿಯೇ.

ದೋಷ ತಿದ್ದಿದ ಹೊಸ ತಂತ್ರಾಂಶವನ್ನು ತರಿಸಿ ಹಳೆಯದರ ಜಾಗದಲ್ಲಿ ಕೂರಿಸುವ ಕೆಲಸಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಗುಡುಗು ಮಳೆಗೆ ನಡುವೆ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಅಪ್‌ಡೇಟ್ ಮುಂದೆ ಹೋಗದೆ ದೋಷದ ಸಂದೇಶ ಬರುತ್ತದೆ. ‘ಎಲ್ಲ ಅಳಿಸಿ ಹೊಸದಾಗಿ ಹಾಕಿ’ ಎಂಬ ಸಲಹೆ ಆಗ ಸುಲಭವಾಗಿ ಸಿಗುತ್ತದೆ. ಬೇರೆ ಕಡೆ ನಕಲು ಇಲ್ಲದಿದ್ದರೆ ವರ್ಷಗಳ ಲೆಕ್ಕ ಅದರೊಂದಿಗೇ ಹೋದೀತು. ಹೆಚ್ಚಿನ ಸಂದರ್ಭಗಳಲ್ಲಿ ಅಳಿಸುವ ಅಗತ್ಯವೇ ಇಲ್ಲ.

ಕೊಳೆರೋಗಕ್ಕೆ ಮದ್ದು ಬಿಡುವಾಗ ಮಳೆ ಬಂದರೆ, ಯಾವ ಸಾಲು ಮುಗಿದಿದೆ, ಯಾವುದು ಬಾಕಿ ಎಂದು ನೆನಪಿಟ್ಟು ಮಳೆ ಬಿಟ್ಟ ಮೇಲೆ ಮುಂದುವರಿಸುತ್ತೇವೆ. ಉಬುಂಟುವಿನಲ್ಲಿ ‘ಡಿಪಿಕೆಜಿ’ ಎಂಬ ವ್ಯವಸ್ಥೆ ಇಂತಹದೇ ದಾಖಲೆ ಇಡುತ್ತದೆ. ಉಬುಂಟುವಿಗೆ ಆಧಾರವಾದ, 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಿಂದ ಬಂದ ವ್ಯವಸ್ಥೆ ಇದು. ಬಾಕಿ ಉಳಿದುದನ್ನು ಮುಗಿಸಲು ನಾವು ಹೇಳಬೇಕು, ಅಷ್ಟೇ.

ಅನುಸರಿಸಬೇಕಾದ ಕ್ರಮ:

1. ಮುಖ್ಯ ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿರಿ. ಬ್ಯಾಟರಿ ತುಂಬಿರಲಿ, ಇಲ್ಲವೇ ಯುಪಿಎಸ್ ಇರಲಿ.

2. ‘ಲಾಕ್’ ಎಂಬ ಸಂದೇಶ ಬಂದರೆ ಇನ್ನೊಂದು ಅಪ್‌ಡೇಟ್ ಒಳಗಿಂದೊಳಗೆ ನಡೆಯುತ್ತಿರಬಹುದು. ತಾಳ್ಮೆಯಿಂದ ಕಾಯಿರಿ. ಲಾಕ್ ಕಡತವನ್ನು ಅಳಿಸಬೇಡಿ.

3. ‘ಟರ್ಮಿನಲ್’ ತೆರೆದು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ಟೈಪ್ ಮಾಡಿ ಎಂಟರ್ ಒತ್ತಿರಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಅಕ್ಷರ ಕಾಣದಿದ್ದರೆ ಗಾಬರಿ ಬೇಡ.

4. ಅನಂತರ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಒಪ್ಪಿಗೆ ಕೇಳಿದಾಗ ಪಟ್ಟಿಯನ್ನು ಓದಿರಿ. ತೆಗೆದುಹಾಕುವ ತಂತ್ರಾಂಶಗಳ ಪಟ್ಟಿ ಉದ್ದವಿದ್ದರೆ ‘ಎನ್’ ಒತ್ತಿ, ತಿಳಿದವರನ್ನು ಕೇಳಿರಿ.

5. ಕೊನೆಗೆ ‘ಸುಡೊ ಆಪ್ಟ್ ಅಪ್‌ಡೇಟ್’, ಬಳಿಕ ‘ಸುಡೊ ಆಪ್ಟ್ ಅಪ್‌ಗ್ರೇಡ್’.

ಇಷ್ಟಾದರೂ ಸರಿಹೋಗದಿದ್ದರೆ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಡಿಸ್ಕಿನಲ್ಲಿ ಜಾಗವಿದೆಯೇ? ಎರಡು, ದಿನಾಂಕ ಸರಿಯಿದೆಯೇ? ಹಳೆಯ ಯಂತ್ರದ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಳಷ್ಟು ಹಿಂದೆ ಹೋಗಿ, ಹೊಸ ಅಪ್‌ಡೇಟ್ ‘ಇನ್ನೂ ಸಿಂಧುವಲ್ಲ’ ಎಂದು ತಿರಸ್ಕೃತವಾಗುತ್ತದೆ. ಮೂರು, ನಿಮ್ಮ ಆವೃತ್ತಿಯ ಅವಧಿ ಮುಗಿದಿದೆಯೇ? ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯ ಬೆಂಬಲ ಐದು ವರ್ಷ, ಉಳಿದವಕ್ಕೆ ಒಂಬತ್ತು ತಿಂಗಳು ಮಾತ್ರ. 2018ರ ಏಪ್ರಿಲ್‌ನಲ್ಲಿ ಬಂದ 18.04ರ ಸಾಮಾನ್ಯ ಬೆಂಬಲ 2023ರಲ್ಲಿಯೇ ಮುಗಿದಿದೆ. ಅಂತಹ ಯಂತ್ರಕ್ಕೆ ಹೊಸ ಆವೃತ್ತಿಯೇ ಬೇಕು.

ಮಳೆಗಾಲಕ್ಕೆ ಮುಂಚೆ ಕಡತಗಳ ನಕಲು ತೆಗೆದಿಡುವುದನ್ನು ಬೆಳೆಗಾರ ಮಿತ್ರರು ರೂಢಿ ಮಾಡಿಕೊಂಡರೆ, ಯಂತ್ರ ಕೈಕೊಟ್ಟರೂ ಲೆಕ್ಕ ಉಳಿಯುತ್ತದೆ.