ಕ್ಲಚ್ ಪೆಡಲ್ ಕುಸಿದರೆ?

1962ರಲ್ಲಿ ಬ್ರಿಟನ್ನಿನಲ್ಲಿ ತಯಾರಾಗತೊಡಗಿದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರೊಂದು ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆಗಳ ಮೂಲಕ ನಾಗಮಂಗಲಕ್ಕೆ ಹೊರಟಿದೆ ಎಂದುಕೊಳ್ಳಿ. ಎದುರಿಗೆ ಕಬ್ಬಿನ ಗಾಡಿ. ಕ್ಲಚ್ ತುಳಿದರೆ ಪೆಡಲ್ ನೆಲಕ್ಕಂಟಿತು! ಗಾಬರಿ ಬೇಡ, ಬ್ರೇಕಿನ ಸಿಲಿಂಡರ್ ಬೇರೆಯೇ ಇದೆ. ಬ್ರೇಕ್ ಒತ್ತಿ ಪಕ್ಕಕ್ಕೆ ನಿಲ್ಲಿಸಬೇಕು. ಎಂಜಿನ್ ತಾನೇ ನಿಲ್ಲುತ್ತದೆ.

ಇಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಇರುವುದು ಕೇಬಲ್ ಅಲ್ಲ, ದ್ರವ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಕೊಳವೆಯ ಮೂಲಕ ಸ್ಲೇವ್ ಸಿಲಿಂಡರಿಗೆ ತಳ್ಳುತ್ತದೆ. ಅಲ್ಲಿನ ಪಿಸ್ಟನ್ ಕ್ಲಚ್ಚನ್ನು ಬಿಡಿಸುತ್ತದೆ. ನೀವು ಓದಿರುವ ಪಾಸ್ಕಲನ ನಿಯಮವೇ ಇದು: ಎರಡನೆಯ ಪಿಸ್ಟನ್ನಿನ ವಿಸ್ತೀರ್ಣ 2 ಪಟ್ಟಾದರೆ ಬಲವೂ 2 ಪಟ್ಟು, ಚಲನೆ ಮಾತ್ರ ಅರ್ಧ. ಆದ್ದರಿಂದ ಆಯಿಲ್ ತುಸು ಸೋರಿ ಗಾಳಿ ಹೊಕ್ಕರೂ ಕೆಲಸ ಕೆಟ್ಟಿತು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ.

ರಿಪೇರಿ ಹೇಗೆ? ಮೊದಲು ಆಯಿಲ್ ಮಟ್ಟ, ಆಮೇಲೆ ಸಿಲಿಂಡರುಗಳ ಬಳಿಯ ಒದ್ದೆ ನೋಡಬೇಕು. ಸವೆದ ರಬ್ಬರ್ ವಾಷರುಗಳನ್ನು ಬದಲಿಸಿ, ಹೊಸ ಬ್ರೇಕ್ ಆಯಿಲ್ ತುಂಬಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ಪೆಡಲ್ ಮೇಲೇಳುವ ಮುನ್ನವೇ ಅದನ್ನು ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮಾಡಬೇಕು. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಊದಿ ಕೆಡುತ್ತದೆ. ಸೋರಿಕೆ ನಿಲ್ಲಿಸದೆ ಬರೀ ಆಯಿಲ್ ತುಂಬುವುದು ರಿಪೇರಿಯಲ್ಲ, ನೆನಪಿಡಿ.